ದೆವ್ವದ ಟ್ರಂಕೂ ನಮ್ಮವ್ವನ ಬೆಂಕಿಪೊಟ್ಟಣವೂ

ದೆವ್ವದ ಕಾದಂಬರಿ ಓದೋನಿಗೆ ದೆವ್ವದ ಕಾಟ ಇರಲ್ಲ ಕಣ್ರೀ, ಜನರ ಕಾಟ ಇರುತ್ತೆ. ಅದು ಮಾತ್ರ ನಿಂತದ್ದೇ ಇಲ್ಲ. ಹೈಸ್ಕೂಲಲ್ಲಿ ಹಿಡಿದ ಹುಚ್ಚು, ತಲೆ ನರೆತರೂ ಬಿಟ್ಟಿಲ್ಲ. ಓದೋದು ಒಬ್ಬರೇ ಲೇಖಕರನ್ನ. ಅವರು ಬರೆದದ್ದೆಲ್ಲ ಗಾವಡಗೆರೆಯ ನಮ್ಮ ಮನೇಲಿ ಒಂದು ಟ್ರಂಕಿನಲ್ಲಿದೆ. ಅರ್ಧಕ್ಕರ್ಧ ಈಗ ದುಡ್ಡು ಕೊಟ್ರೂ ಸಿಗಲ್ಲ. ನನಗೆ ಆ ಟ್ರಂಕು ಪ್ರಾಣ. ನಮ್ಮವ್ವನಿಗೋ ಅದು ಮನೆಗೆ ಹೊಕ್ಕ ಪೀಡೆ. "ಒಂದಲ್ಲ ಒಂದಿನ ಒಲೆಗಾಕ್ತೀನಿ, ನೋಡ್ತಿರು" ಅಂತ ಬೆಂಕಿಪೊಟ್ಟಣ ಅಲ್ಲಾಡಿಸೋದು ಅವಳ ದಿನದ ಸುಪ್ರಭಾತ.

೧. ಪೊರಕೆ ಕಾವಲು

ದೆವ್ವ ಈಚೆ ಬರದಿರಲಿ ಅಂತ ಅವ್ವ ಟ್ರಂಕಿನ ಮೇಲೆ ಪೊರಕೆ, ಪೊರಕೆ ಮೇಲೆ ಹಳೇ ಎಕ್ಕಡ ಇಡ್ತಿದ್ದಳು. ನನಗೆ ಹೆಣ್ಣು ಕೊಡೋಕೆ ಅಂತ ಕೆ.ಆರ್. ನಗರದ ಕಡೆಯಿಂದ ಬಂದವರು ಅದನ್ನ ನೋಡಿಬಿಟ್ಟರು. "ಏನವ್ವ ಇದು?" ಅಂದರು ಹಿರೀಕರು.

ಅವ್ವ ಕಾಪಿ ಕೊಡ್ತಾ, "ಏನಿಲ್ಲ ಕಣಪ್ಪ, ನನ್ ಮಗ ದೆವ್ವ ಸಾಕವ್ನೆ, ಒಂದೆರಡಲ್ಲ, ಟ್ರಂಕು ತುಂಬಾ" ಅಂದಳು.

ಲೋಟ ಕೆಳಗಿಟ್ಟವರು ಬಸ್ ಸ್ಟಾಂಡಿನವರೆಗೂ ತಿರುಗಿ ನೋಡಲಿಲ್ಲ. ಅವ್ವ ನನ್ನ ಕಡೆ ತಿರುಗಿ, "ನೋಡ್ದಾ, ಪೊರಕೆ ಇಟ್ಟಿದ್ರೂ ನಿನ್ ದೆವ್ವ ಎಂಗ್ ಓಡುಸ್ತು ಅವರನ್ನ!" ಅಂದಳು.

೨. ಗುಡ್ಡಪ್ಪನ ಪರಿಹಾರ

ಮುದ್ದೆ ಉಣ್ಣುವಾಗಲೂ ಪುಸ್ತಕ ಹಿಡಿದು ಬೆಚ್ಚಿಬೀಳ್ತಿದ್ದ ನನ್ನನ್ನು ನೋಡಿ, ಗಾಳಿ ಸೋಕಿದೆ ಅಂತ ಅವ್ವ ತೀರ್ಮಾನ ಮಾಡಿದಳು. ಕಂಪಲಾಪುರದ ಹತ್ತಿರ ತಾಯತ ಕಟ್ಟೋ ಒಬ್ಬ ಗುಡ್ಡಪ್ಪ ಇದ್ದ. ನನ್ನನ್ನೂ ಪುಸ್ತಕವನ್ನೂ ಅಲ್ಲಿಗೆ ಎಳ್ಕೊಂಡು ಹೋದಳು.

ಅವನು ಒಂದು ಹಾಳೆ ತಿರುವಿದ, ಹುಬ್ಬು ಗಂಟಿಕ್ಕಿದ, ಇನ್ನೊಂದು ತಿರುವಿದ. "ಭಾರೀ ಕೆಟ್ಟ ಗಾಳಿ ಕಣವ್ವ. ಪುಸ್ತಕ ಇಲ್ಲೇ ಬುಟ್ಟೋಗು, ಕಟ್ಟಾಕ್ತೀನಿ" ಅಂದ. ನಾನು ಬರಿಗೈಲಿ ಮನೆಗೆ ಬಂದೆ.

ಒಂದಿನ ಗುಡ್ಡಪ್ಪನೇ ಸಂತೇಲಿ ಸಿಕ್ಕಿ, ಪಕ್ಕಕ್ಕೆ ಕರೆದು ಪುಸ್ತಕ ಕೈಗಿಟ್ಟ. ಹೋದ ಜೀವ ಬಂದಂಗಾಯ್ತು. "ಗಾಳಿ ಕಟ್ಟುದ್ರಾ?" ಅಂದೆ. ಅವನು ಆಚೀಚೆ ನೋಡಿ, "ಸುಮ್ನಿರಪ್ಪ. ಓದುದ್ ಮ್ಯಾಲೆ ರಾತ್ರಿ ಇತ್ತಲಿಗೋಗಕ್ಕೂ ನಂಗೆ ಜೊತೆ ಬೇಕು. ಇಂಥವ್ನೆಲ್ಲ ಓದ್ಕಂಡು ನೀನು ಗಟ್ಟಿಯಾಗಿದ್ದೀಯಲ್ಲ, ಯಾರ ತಾವ ತಾಯ್ತ ಕಟ್ಟುಸ್ಕಂಡೆ?" ಅಂತ ಕೇಳಿದ.

೩. ಬ್ಯಾರನ್ ಒಲೆ

ಹೋದ ವರ್ಷ ಬ್ಯಾರನ್ನಿನಲ್ಲಿ, ಅಂದ್ರೆ ಸೊಪ್ಪು ಒಣಗಿಸಿ ಹದ ಮಾಡೋ ಮನೇಲಿ, ಹೊಗೆಸೊಪ್ಪು ಬೇಯ್ತಿತ್ತು. ಒಲೆಯ ಕಾವು ಇಳಿದರೆ ಸೊಪ್ಪೆಲ್ಲ ಹಾಳು. ನಮ್ಮ ಗ್ರಹಚಾರಕ್ಕೆ ಎಚ್.ಡಿ. ಕೋಟೆ ಕಡೆಯಿಂದ ಬರ್ತಿದ್ದ ಸೌದೆ ಟ್ರ್ಯಾಕ್ಟರ್ ದಾರೀಲಿ ಕೆಟ್ಟು ನಿಂತಿತು. ಒಲೆ ಮುಂದೆ ಅವ್ವನ್ನ ಕೂರಿಸಿ ನಾನು ಬೈಕ್ ಹತ್ತಿದೆ. ಟ್ರ್ಯಾಕ್ಟರ್ ಹತ್ತಿರ ಹೋಗೋ ಹೊತ್ತಿಗೆ ಅವ್ವನ ಫೋನು.

"ಸೌದೆ ಮುಗೀತು ಕಣ್ಲಾ. ಟ್ರಂಕು ತಂದು ಒಲೆ ಮುಂದೆ ಮಡಗಿವ್ನಿ."

"ಅವ್ವ, ನಿನ್ ಕಾಲಿಗೆ ಬೀಳ್ತೀನಿ..." ಅನ್ನೋದರೊಳಗೆ ಕಟ್ಟಾಯ್ತು.

ಹೆಂಗೆ ಬಂದೆನೋ ದೇವರಿಗೇ ಗೊತ್ತು. ದೂರದಿಂದಲೇ ಬ್ಯಾರನ್ ಮೇಲೆ ದಟ್ಟ ಹೊಗೆ ಕಾಣ್ತು. ಮುಗೀತು ಅಂದ್ಕೊಂಡೆ, ಕಣ್ಣಲ್ಲಿ ನೀರು ಬಂತು. ಹೋಗಿ ನೋಡಿದರೆ ಒಲೇಲಿ ನನ್ನ ಮಂಚದ ಕಾಲು ಧಗಧಗ ಉರೀತಿದೆ. ಪಕ್ಕದಲ್ಲಿ ಪುಸ್ತಕಗಳ ರಾಶಿ, ಒಂದೂ ಸುಟ್ಟಿಲ್ಲ. ಅವ್ವ ಕನ್ನಡಕ ಹಾಕ್ಕೊಂಡು ಕೊನೇ ಹಾಳೆ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದ್ತಾ ಕೂತವಳೆ!

"ಸುಡಾನ ಅಂತ್ಲೇ ತಗ್ದೆ ಕಣ್ಲಾ" ಅಂದಳು. "ಒಳಗಿರೋ ದೆವ್ವ ಸತ್ತದೋ ಬದುಕೇ ಅದೋ ನೋಡ್ದೆ ಎಂಗ್ ಸುಡಾದು? ನೋಡುದ್ರೆ ಇದ್ರಲ್ಲಿ ಸತ್ತಿಲ್ಲ, ಇನ್ನೊಬ್ನ ಮೈಮೇಲೆ ಓಗ್ ಸೇರ್ಕಂಡದೆ. ಅದ್ರಲ್ಲೂ ಸತ್ತಿಲ್ಲ. ಯಾವುದ್ರಲ್ಲೂ ಸತ್ತಿಲ್ಲ! ಅವು ಇರೋ ಪುಸ್ತಕದ ಮನೇನೇ ಸುಟ್ರೆ ಅವೆಲ್ಲಿಗೋಯ್ತವೆ? ಸೀದಾ ನಮ್ ಸೊಪ್ಪಿನ ಮೇಲೆ ಬಂದು ಕೂತ್ಕತವೆ."

ಅಬ್ಬಾ! ಕೂತು ನೀರು ಕುಡಿದೆ. ನಮ್ಮ ಲೇಖಕರು ಜನ್ಮದಲ್ಲಿ ಒಂದು ದೆವ್ವವನ್ನೂ ಪೂರ್ತಿ ಸಾಯಿಸಿದವರಲ್ಲ ಅನ್ನೋದನ್ನ ಬಾಯಿಬಿಡಲಿಲ್ಲ. "ಈಗೇನ್ ಮಾಡಾದವ್ವ?" ಅಂದೆ.

"ಬರ್ದ ಆವಪ್ಪನ್ನ ಇಡ್ಕಂಡು ಕೇಳು, ಉಟ್ಟುಸ್ದೋನಿಗೆ ಸಾಯ್ಸಕ್ಕೆ ಬರ್ಬೇಡ್ವಾ? ಮುಂದುಲ್ ಕತೆ ಬರೆಸ್ಕಂಡು ಬಾ. ಇವೆಲ್ಲ ಸಾಯಾಗಂಟ ನೀನು ಒಂದೇ ಒಂದು ಪುಸ್ತಕ ಮನೆಯಿಂದಾಚೆಗೆ ಸಾಗುಸ್ದೋ, ನಿನ್ನನ್ನೇ ಒಲೆಗಾಕ್ತೀನಿ!"