ಎರಡರಿಂದ ನಾಲ್ಕು, ಅತ್ಯುತ್ತಮ

ಆ ಮನೆಯಲ್ಲಿ ಇಂಟರ್ನೆಟ್ಟು ಫ್ರಿಜ್ಜಿನವರೆಗೆ ಬರುತ್ತಿತ್ತು. ಅಲ್ಲಿಂದ ಮುಂದಕ್ಕೆ ಒಂದು ಹೆಜ್ಜೆಯೂ ಇಡುತ್ತಿರಲಿಲ್ಲ. ಥೇಟ್ ಮನೆಯ ಯಜಮಾನರ ಹಾಗೆ: ಅಡುಗೆಮನೆಯ ಬಾಗಿಲಿಗೆ ಬಂದು, ತಿನ್ನಲು ಏನಾದರೂ ಇದೆಯೇ ಎಂದು ಫ್ರಿಜ್ಜನ್ನು ತೆಗೆದು ನೋಡಿ, ಒಳಗೆ ಯಾರೋ ಕೆಲಸ ಮಾಡುತ್ತಿರುವುದು ಕಂಡ ಕೂಡಲೇ ಸದ್ದಿಲ್ಲದೆ ಹಿಂದಿರುಗಿಬಿಡುತ್ತಿತ್ತು.

ಇಷ್ಟು ದಿನ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಯಜಮಾನರು ನೀರು ಸರಬರಾಜು ಕಚೇರಿಯಲ್ಲಿದ್ದರು. ಕಚೇರಿಯ ಮಾಳಿಗೆ ಸೋರುತ್ತಿದ್ದುದರಿಂದ (ನೀರಿನ ಕಚೇರಿ ಅಲ್ಲವೇ, ಸರಬರಾಜು ಅಲ್ಲಿಂದಲೇ ಶುರು) ಕೆಲವು ತಿಂಗಳಿಂದ ಮನೆಯ ಮುಂದಿನ ಕೋಣೆಯೇ ಅವರ ಕಚೇರಿ. ರೂಟರ್ ಅವರ ಮೇಜಿನ ಪಕ್ಕದಲ್ಲೇ ಇತ್ತು. ಹಜಾರದಲ್ಲಿ ಕಾಲೇಜಿನ ಪಾಠ ಕೇಳುವ ಮಗಳಿಗೂ ಧಾರಾವಾಹಿ ನೋಡುವ ಅತ್ತೆಗೂ ಇಂಟರ್ನೆಟ್ಟು ಧಾರಾಳವಾಗಿ ಸಿಗುತ್ತಿತ್ತು. ಸಿಗದಿದ್ದುದು ಅಡುಗೆಮನೆಯಾಚೆಯ ಹಿಂದಿನ ಕೋಣೆಗೆ ಮಾತ್ರ. ಅಲ್ಲಿ ಒಂದು ಹೊಲಿಗೆ ಯಂತ್ರವಿತ್ತು. ಅದರ ಮುಂದೆ, ಬೀದಿಯವರೆಲ್ಲ ಹೊಲಿಗೆಯಕ್ಕ ಎಂದು ಕರೆಯುವ ಈ ಮನೆಯ ಸೊಸೆ, ಯಜಮಾನರ ಹೆಂಡತಿ, ಇದ್ದಳು.

ಈ ಹೊಲಿಗೆಯಕ್ಕನಿಗೆ ಒಂದು ಆಸೆ ಹುಟ್ಟಿದ್ದೇ ಎಲ್ಲ ರಾದ್ಧಾಂತಕ್ಕೂ ಮೂಲ. ಆನ್‌ಲೈನಿನಲ್ಲಿ ಹೊಲಿಗೆ ಕಲಿಸುವ ಸಂಸ್ಥೆಯೊಂದು ಟೀಚರ್ ಬೇಕೆಂದಿತ್ತು. ಅವಳು ಅರ್ಜಿ ಹಾಕಿದಳು, ಅವರು ಪರೀಕ್ಷೆಗೆಂದು ಒಂದು ಪಾಠ ಮಾಡಲು ಹೇಳಿದರು. ಅಂದು ಹೇಗೋ ಹಿಂದಿನ ಕೋಣೆಯವರೆಗೆ ಇಣುಕಿದ ಇಂಟರ್ನೆಟ್ಟನ್ನು ನಂಬಿ, ಕಾಲರ್ ಕೂರಿಸುವುದನ್ನು ತೋರಿಸುತ್ತ, ಹಲ್ಲಿನ ನಡುವೆ ಗುಂಡುಪಿನ್ನು ಕಚ್ಚಿಕೊಂಡು, "ಈಗ ನೋಡಿ" ಎನ್ನಲು ಬಾಯಿ ತೆರೆದಳು. ಆ ಕ್ಷಣಕ್ಕೆ ಇಂಟರ್ನೆಟ್ಟು ಹೋಯಿತು. ಹದಿನೇಳು ನಿಮಿಷ ಅವಳು ಬಾಯಿ ತೆರೆದ ಗೊಂಬೆಯಾಗಿ ಪರದೆಯ ಮೇಲೆ ನಿಂತಿದ್ದಳು. ಪಿನ್ನು ಗಂಟಲಿಗೆ ಇಳಿಯಿತೆಂದು ಇಬ್ಬರು ವಿದ್ಯಾರ್ಥಿನಿಯರು ಅತ್ತರಂತೆ.

"ನಿಮ್ಮ ಕೈ ಚೆನ್ನಾಗಿದೆ, ನಿಮ್ಮ ನೆಟ್ ಚೆನ್ನಾಗಿಲ್ಲ," ಎಂದರು ಸಂಸ್ಥೆಯ ಮೇಡಂ. "ಇನ್ನೊಂದೇ ಅವಕಾಶ ಕೊಡ್ತೀನಿ. ಮುಂದಿನ ವಾರದ ಗುರುವಾರ, ಬೆಳಿಗ್ಗೆ ಹನ್ನೊಂದು."

ಇಪ್ಪತ್ತೆರಡು ವರ್ಷ ಊರವರ ಅಳತೆಗೆ ಹೊಲಿದವಳನ್ನು ಆ ಒಂದು ಗಂಟೆಯಲ್ಲಿ ಇಪ್ಪತ್ತು ಜನ 'ಟೀಚರ್' ಎಂದು ಕರೆದಿದ್ದರು. ಪಾತ್ರೆ ತೊಳೆಯುವಾಗ ಅವಳು ಆ ಪದವನ್ನು ತನಗೆ ತಾನೇ ಎರಡು ಸಲ ಹೇಳಿಕೊಂಡಳು. ನಲ್ಲಿಯ ಸದ್ದಿನಲ್ಲೂ ಚೆನ್ನಾಗಿಯೇ ಕೇಳಿಸಿತು.

"ರೀ, ರೂಟರನ್ನ ಸ್ವಲ್ಪ ಈ ಕಡೆ ತಂದಿಟ್ರೆ?"

"ಬೇಕಾದ ಕಡೆ ಎತ್ತಿಡೋಕೆ ಅದೇನು ನೀರಿನ ಚೊಂಬಾ? ಲೈನ್ ಬರೋದೇ ನನ್ನ ಕೋಣೆಗೆ."

"ಹಾಗಾದ್ರೆ ಮಿಷನ್ನನ್ನ ಹಾಲ್‌ಗೆ ತರೋಣ."

"ಹಾಲ್‌ಗಾ? ಬಂದೋರು ಎಲ್ಲಿ ಕೂತ್ಕೋಬೇಕು?" (ಬಂದವರು ಎಂದರೆ ವರ್ಷಕ್ಕೆರಡು ಸಲ ಬರುವ ಯಜಮಾನರ ತಂಗಿ. ಬಂದರೆ ಆಕೆ ಕೂರುವುದು ಹಿಂದಿನ ಕೋಣೆಯಲ್ಲೇ, ರವಿಕೆ ಸಡಿಲ ಮಾಡಿಸಿಕೊಳ್ಳುತ್ತ.)

"ಹೋಗ್ಲಿ, ನಿಮ್ಮ ಕೋಣೆಯಿಂದ ನನ್ನ ಕೋಣೆಗೆ ಒಂದು ವೈರ್ ಎಳೆದುಬಿಡೋಣ. ಅಷ್ಟೇ ತಾನೆ?"

ಯಜಮಾನರು ನಕ್ಕರು. ಮಗು ಚಂದ್ರ ಬೇಕು ಎಂದಾಗ ನಗುವ ನಗು ಅದು. "ವೈರಾ! ಲೇ, ಜಗತ್ತೇ ವೈರ್ ಬಿಟ್ಟು ಗಾಳೀಲಿ ಹೋಗ್ತಿದೆ, ನೀನು ಗೋಡೆ ಕೊರೀಬೇಕು ಅಂತೀಯಲ್ಲ! ಹೋದ ವರ್ಷ ತಾನೆ ಬಣ್ಣ ಹೊಡೆಸಿದೀನಿ. ಇದನ್ನೆಲ್ಲ ಶಾಸ್ತ್ರೀಯವಾಗಿ ತೀರ್ಮಾನ ಮಾಡ್ಬೇಕು."

ಶಾಸ್ತ್ರೀಯ ಎಂದರೆ ಪಟ್ಟಿ. ಕಚೇರಿಯಲ್ಲಿ ಅವರನ್ನು ಬೆನ್ನ ಹಿಂದೆ ತಪಶೀಲು ಸಾಹೇಬರು ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ಸಂಜೆಯೊಳಗೆ ಫ್ರಿಜ್ಜಿನ ಬಾಗಿಲ ಮೇಲೆ ತುಲನಾತ್ಮಕ ಪಟ್ಟಿಯೊಂದು ಪ್ರತಿಷ್ಠಾಪನೆಯಾಯಿತು. ನಿಸ್ತಂತು, ವಿದ್ಯುತ್ ತಂತಿಯ ಮೂಲಕ, ಪ್ರತ್ಯೇಕ ತಂತಿ ಎಂದು ಮೂರು ಕಲಂ. ಮೂರನೆಯದರ ಅನನುಕೂಲಗಳ ಜಾಗದಲ್ಲಿ 'ಬಣ್ಣ' ಎಂದು ಒಂದೇ ಪದವಿತ್ತು. ಅದರ ಮುಂದಿನ ಷರಾ: 'ಗೃಹಿಣಿಯ ಸಲಹೆ.'

ಹೊಲಿಗೆಯಕ್ಕ ಪಟ್ಟಿಯನ್ನು ಓದಿದಳು. ಮರುದಿನ ಯಜಮಾನರು ಮೀಟಿಂಗಿನಲ್ಲಿದ್ದಾಗ ಕುತ್ತಿಗೆಯ ಟೇಪನ್ನು ತೆಗೆದು, ಗೋಡೆಯ ಬುಡಗುಂಟ ಅಳೆಯುತ್ತ ಹೋದಳು. ಬಟ್ಟೆಗೆ ಹೊಲಿಗೆಯ ಅಂಚು ಬಿಡುವ ಹಾಗೆ, ಮೂಲೆಗೆ ನಾಲ್ಕು ಬೆರಳು, ಬಾಗಿಲಿಗೊಂದು ಗೇಣು ಹೆಚ್ಚಿಗೆ ಸೇರಿಸಿದಳು. ಅರವತ್ತೊಂದು ಅಡಿ. ದಾರ ತರಲು ಹೋದವಳು ಎಲೆಕ್ಟ್ರಿಕ್ ಅಂಗಡಿಗೂ ಹೋಗಿ ಅಷ್ಟುದ್ದದ ವೈರನ್ನು ಕತ್ತರಿಸಿ, ಎರಡು ತುದಿಗೂ ರೂಟರಿಗೆ ಚುಚ್ಚುವ ಪಿನ್ನು ಹಾಕಿಸಿಕೊಂಡು ಬಂದು, ಸುರುಳಿ ಸುತ್ತಿ ಯಂತ್ರದ ಕೆಳಗೆ ಚಿಂದಿ ಬುಟ್ಟಿಯಲ್ಲಿಟ್ಟಳು. ಆ ಮನೆಯಲ್ಲಿ ಚಿಂದಿ ಬುಟ್ಟಿಗಿಂತ ಭದ್ರವಾದ ಜಾಗ ಇನ್ನೊಂದಿರಲಿಲ್ಲ. ಅವಳ ಹೊರತು ಯಾರೂ ಅದನ್ನು ಮುಟ್ಟಿದವರಲ್ಲ.

ಮೊದಲ ಪ್ರಯೋಗ ನಿಸ್ತಂತು. ಯಜಮಾನರು ಸಿಗ್ನಲ್ ಹೆಚ್ಚಿಸುವ ಒಂದು ಬಿಳಿ ಡಬ್ಬಿ ತಂದರು. ಅದನ್ನು ಎಲ್ಲಿ ಚುಚ್ಚಬೇಕೆಂದು ತಿಳಿಯಲು ಎರಡು ದಿನ ಮೊಬೈಲನ್ನು ದೀಪದ ಹಾಗೆ ಎತ್ತಿ ಹಿಡಿದು ಮನೆಯೆಲ್ಲ ಪ್ರದಕ್ಷಿಣೆ ಹಾಕಿದರು. ಕೊನೆಗೆ ಡಬ್ಬಿ ಫ್ರಿಜ್ಜಿನ ಪಕ್ಕ ನೆಲೆಯಾಯಿತು. ಹಿಂದಿನ ಕೋಣೆಯ ಲ್ಯಾಪ್‌ಟಾಪಿನಲ್ಲಿ ಸಿಗ್ನಲ್ಲಿನ ಗೆರೆಗಳೆಲ್ಲ ತುಂಬಿ ನಿಂತವು. ಯಜಮಾನರು ಮೀಸೆಯ ಮೇಲೆ ಕೈಯಾಡಿಸಿಕೊಂಡರು. ಮಗಳು ಒಂದು ವಿಡಿಯೋ ಹಾಕಿ ನೋಡಿದಳು. ಅದು ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು.

"ಗೆರೆ ಪೂರ್ತಿ ಇದೆಯಲ್ಲೇ!"

"ಗೆರೆ ಇದೆ ಅಪ್ಪ, ನೆಟ್ ಇಲ್ಲ. ಫ್ರಿಜ್ ಹತ್ರ ಬರೋ ಅರೆಜೀವದ್ದನ್ನೇ ಇದು ಎತ್ತಿ ಇಲ್ಲಿಗೆ ದಾಟಿಸ್ತಿದೆ, ಅಷ್ಟೆ."

ಅತ್ತೆ ಧಾರಾವಾಹಿಯಿಂದ ಕಣ್ಣು ತೆಗೆಯದೆ ಹೇಳಿದರು: "ಹಾಲಿಗೆ ನೀರು ಹಾಕಿದ್ರೆ ಪಾತ್ರೆ ತುಂಬತ್ತೆ ಕಣೋ, ಹಾಲು ಜಾಸ್ತಿ ಆಗತ್ತಾ?"

ಎರಡನೆಯ ಪ್ರಯೋಗದ ಡಬ್ಬಿಗಳು ಜೋಡಿಯಾಗಿ ಬಂದವು. ಒಂದನ್ನು ರೂಟರಿನ ಪಕ್ಕದ ಪ್ಲಗ್ಗಿಗೂ ಇನ್ನೊಂದನ್ನು ಹಿಂದಿನ ಕೋಣೆಯ ಪ್ಲಗ್ಗಿಗೂ ಚುಚ್ಚಿದರೆ ಸಾಕು; ಗೋಡೆಯೊಳಗಿರುವ ಕರೆಂಟಿನ ತಂತಿಯಲ್ಲೇ ಇಂಟರ್ನೆಟ್ಟೂ ಹರಿದು ಬರುತ್ತದೆ. "ಒಂದೇ ಪೈಪು, ಎರಡು ನೀರು! ಗೋಡೆಗೆ ಒಂದು ಗೀರೂ ಇಲ್ಲ!" ಎಂದು ಯಜಮಾನರು ಕುಣಿದಾಡಿದರು. ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ, ಊಟ ಮುಗಿದು ಹೆಂಡತಿ ಮಲಗಿದ್ದಾಗ, ಪರೀಕ್ಷೆ ನಡೆಯಿತು. ವಿಡಿಯೋ ನೀರು ಕುಡಿದಂತೆ ಓಡಿತು.

ಸೋಮವಾರ ಬೆಳಿಗ್ಗೆ ನೋಡಿದರೆ ಅದೇ ಇಂಟರ್ನೆಟ್ಟಿಗೆ ಬಿಕ್ಕಳಿಕೆ. ಬರುತ್ತದೆ, ಹೋಗುತ್ತದೆ. ಯಜಮಾನರು ಛಲ ಬಿಡದೆ ಮೂರು ದಿನ ದಾಖಲೆ ಇಟ್ಟರು. ಪಕ್ಕದ ಮನೆಯವರ ಮೇಲೂ ಕರೆಂಟಿನವರ ಮೇಲೂ ಸಂಶಯಪಟ್ಟರು. ಬುಧವಾರ ರಾತ್ರಿ ಪಟ್ಟಿ ಹಿಡಿದು ಗಂಭೀರವಾಗಿ ಓದಿದರು.

"ಇದು ಬಹಳ ನಿಗೂಢ. ಕೇಳು. ಬೆಳಿಗ್ಗೆ ಆರೂಮುಕ್ಕಾಲು, ಹತ್ತು ನಿಮಿಷ, ಕಡಿತ. ಎಂಟರಿಂದ ಒಂಬತ್ತು, ಅಸ್ಥಿರ. ಹನ್ನೆರಡರಿಂದ ಒಂದು, ಮರಣಾಸನ್ನ. ಸಂಜೆ ಐದೂವರೆ, ಮತ್ತೆ ಕಡಿತ. ಆದ್ರೆ ಎರಡರಿಂದ ನಾಲ್ಕು, ಮೂರು ದಿನವೂ ಅತ್ಯುತ್ತಮ! ಯಾಕಿರಬಹುದು?"

ಹೊಲಿಗೆಯಕ್ಕ ಗುಂಡಿ ಹಚ್ಚುತ್ತಿದ್ದಳು. ದಾರವನ್ನು ಕಚ್ಚಿ ಕಡಿದು, "ಇನ್ನೊಂದ್ಸಲ ಓದಿ," ಎಂದಳು. ಅವರು ಓದಿದರು.

"ರೀ, ಅದು ನೆಟ್ಟಿನ ಪಟ್ಟಿ ಅಲ್ಲ, ನನ್ನ ಪಟ್ಟಿ. ಆರೂಮುಕ್ಕಾಲಿಗೆ ಮಿಕ್ಸಿ ಹಾಕ್ತೀನಿ. ಎಂಟಕ್ಕೆ ಬಟ್ಟೆ ಒಗೆಯೋ ಮಿಷನ್ನು. ಹನ್ನೆರಡಕ್ಕೆ ಮತ್ತೆ ಮಿಕ್ಸಿ, ಆಮೇಲೆ ಗ್ರೈಂಡರು. ಸಂಜೆ ನಿಮ್ಮ ಅಮ್ಮನಿಗೆ ಮೆತ್ತಗೆ ಬೇಕು ಅಂತ ಮತ್ತೊಂದ್ಸಲ ಮಿಕ್ಸಿ. ಮೋಟರು ತಿರುಗಿದಾಗೆಲ್ಲ ತಂತೀಲಿ ಗಲಾಟೆ ಆಗತ್ತೆ, ನೆಟ್ ಬೀಳತ್ತೆ."

"ಎರಡರಿಂದ ನಾಲ್ಕು?"

"ಮಲಗ್ತೀನಿ."

ಯಜಮಾನರು ತಮ್ಮದೇ ಅಕ್ಷರದಲ್ಲಿದ್ದ ಆ ಪಟ್ಟಿಯನ್ನು ಬಹಳ ಹೊತ್ತು ನೋಡಿದರು. "ಇಷ್ಟೆಲ್ಲ ದಿನಾ ಮಾಡ್ತೀಯಾ?"

"ಇಲ್ಲ, ನಿಮ್ಮ ದಾಖಲೆಗೆ ಇರ್ಲಿ ಅಂತ ಮೂರು ದಿನ ಮಾಡಿದೆ."

ಹಾಗಾದರೆ ನಾಳೆಗೆ ಚಿಂತೆಯೇ ಇಲ್ಲ ಎಂದು ಇಬ್ಬರೂ ಒಪ್ಪಿದರು. ಪಾಠದ ಹೊತ್ತಿಗೆ ಅವಳು ಲ್ಯಾಪ್‌ಟಾಪಿನ ಮುಂದೆ ಇರುತ್ತಾಳೆ. ಅವಳು ಅಲ್ಲಿದ್ದ ಮೇಲೆ ಮಿಕ್ಸಿ ಹಾಕುವವರು ಯಾರು? ಲೆಕ್ಕ ಸರಿಯಾಗಿತ್ತು. ಚಿಂದಿ ಬುಟ್ಟಿಯ ವೈರು ಚಿಂದಿ ಬುಟ್ಟಿಯಲ್ಲೇ ಉಳಿಯಿತು.

ಗುರುವಾರ ಹನ್ನೊಂದಕ್ಕೆ ಪಾಠ ಶುರುವಾಯಿತು. ಇಪ್ಪತ್ತು ಮುಖಗಳು, ಮೂಲೆಯಲ್ಲಿ ಮೇಡಂ. ಹೊಲಿಗೆಯಕ್ಕನ ಕತ್ತರಿ ಬಟ್ಟೆಯ ಮೇಲೆ ಹಾಡುತ್ತಿತ್ತು. ಕಾಲರಿನ ತಿರುವಿಗೆ ಬಂದಳು. "ಈ ಮೂಲೆ ಇದೆಯಲ್ಲ, ಇಲ್ಲಿ ಎಲ್ಲರೂ ತಪ್ಪು..." ಎಂದಳು.

ಗೋಡೆಯಾಚೆ ಗರ್ರ್ ಎಂದಿತು.

ಪರದೆಯ ಮೇಲೆ ಇಪ್ಪತ್ತೊಂದು ಮುಖಗಳೂ ಕಲ್ಲಾದವು. ಹೊಲಿಗೆಯಕ್ಕ ಕತ್ತರಿ ಹಿಡಿದೇ ಅಡುಗೆಮನೆಗೆ ಹಾರಿದಳು. ಯಜಮಾನರು ಸೊಂಟಕ್ಕೆ ಟವೆಲ್ ಬಿಗಿದು, ಮಿಕ್ಸಿಯಲ್ಲಿ ಟೊಮೆಟೊ ತಿರುಗಿಸುತ್ತ, ಅತ್ತ ಒಗೆಯುವ ಯಂತ್ರವನ್ನೂ ಓಡಿಸಿ, ಪ್ರಸನ್ನವದನರಾಗಿ ನಿಂತಿದ್ದರು.

"ನಿಲ್ಲಿಸ್ರೀ! ಏನು ಮಾಡ್ತಿದೀರಿ?"

"ರಜ ಹಾಕಿದೀನಿ ಕಣೇ," ಎಂದರು, ಬಹುಮಾನ ಕೊಡುವವರ ದನಿಯಲ್ಲಿ. "ನಿನ್ನೆ ಆ ಪಟ್ಟಿ ನೋಡಿ ಬೇಜಾರಾಯ್ತು. ನೀನು ಪಾಠ ಮುಗಿಸಿ ಬರೋ ಹೊತ್ತಿಗೆ ಅಡುಗೆ, ಬಟ್ಟೆ ಎಲ್ಲ ಮುಗಿಸಿಬಿಡೋಣ ಅಂತ..."

"ಮೋಟರು ತಿರುಗಿದ್ರೆ ನೆಟ್ ಬೀಳತ್ತೆ ಅಂತ ನಿನ್ನೆ ತಾನೆ ಹೇಳಿದ್ನಲ್ರೀ!"

ಯಜಮಾನರ ಮುಖ ಬಾಡಿತು. "ನಾನು ಹಾಕಿದ್ರೂ ಬೀಳತ್ತಾ?"

ಅತ್ತೆ ಹಜಾರದಿಂದ ಕೂಗಿದರು: "ಇಪ್ಪತ್ತೆರಡು ವರ್ಷ ತಡೆದಿದ್ದೋನಿಗೆ ಇನ್ನೊಂದು ಗಂಟೆ ತಡೆಯೋಕಾಗ್ಲಿಲ್ವೇನೋ?"

ಜಗಳಕ್ಕೆ ಹೊತ್ತಿರಲಿಲ್ಲ, ಒಗೆಯುವ ಯಂತ್ರ ಬಾಗಿಲು ಬಿಗಿದುಕೊಂಡು ಯಾರ ಮಾತೂ ಕೇಳದೆ ತಿರುಗುತ್ತಿತ್ತು. ಹೊಲಿಗೆಯಕ್ಕ ಚಿಂದಿ ಬುಟ್ಟಿಯನ್ನು ಬೋರಲು ಹಾಕಿದಳು. "ಈ ತುದೀನ ರೂಟರಿಗೆ ಚುಚ್ಚಿ, ಓಡಿ!" ಯಜಮಾನರು ಟವೆಲ್ಲಿನಲ್ಲೇ ಓಡಿದರು. ಅತ್ತೆ ಹಜಾರದ ಬಾಗಿಲಲ್ಲಿ ವೈರನ್ನು ಕೋಲಿನಿಂದ ಗೋಡೆಗೆ ಒತ್ತಿ ಹಿಡಿದರು. ಅರವತ್ತೊಂದು ಅಡಿಯೂ ಬಿಚ್ಚಿಕೊಂಡು, ನಾಲ್ಕು ಮೂಲೆ ಎರಡು ಬಾಗಿಲು ದಾಟಿ, ಲ್ಯಾಪ್‌ಟಾಪಿಗೆ ಬಂದು ಕೂತಿತು. ಮಿಕ್ಕಿದ್ದು ನಾಲ್ಕು ಬೆರಳು. ಒಗೆಯುವ ಯಂತ್ರ ಗುಡುಗುತ್ತಲೇ ಇತ್ತು, ಮುಖಗಳು ಮಾತ್ರ ಕಣ್ಣು ಪಿಳುಕಿಸಿದವು.

"ಏನಾಯ್ತು ಟೀಚರ್?" ಎಂದರು ಮೇಡಂ, ಹುಬ್ಬು ಗಂಟಿಕ್ಕಿ.

"ಕ್ಷಮಿಸಿ ಮೇಡಂ. ಮನೆಯವರು ಮಿಕ್ಸಿ ಹಾಕಿದ್ರು."

ಇಪ್ಪತ್ತು ಜನರೂ ಒಟ್ಟಿಗೆ ಮಾತಾಡಿದರು. "ಮನೆಯವರಾ? ನಿಜವಾಗ್ಲೂ?" "ಅವರಾಗೇ ಹಾಕಿದ್ರಾ, ಹೇಳಿ ಮಾಡಿಸಿದ್ದಾ?" "ಟೀಚರ್, ಕಾಲರ್ ಆಮೇಲೆ ತೋರಿಸಿ, ಮೊದ್ಲು ಅವರನ್ನ ತೋರಿಸಿ!" ಮೇಡಂ ನಗು ತಡೆಯಲು ಹೋಗಿ ಸೋತರು.

ಕಾಲರ್ ಮುಗಿಯಿತು. ಇಪ್ಪತ್ತರಲ್ಲಿ ಹದಿನೆಂಟು ಮೂಲೆಗಳು ಚೂಪಾಗಿ ಬಂದವು. "ನೀವು ನಮ್ಮ ಟೀಚರ್," ಎಂದರು ಮೇಡಂ. "ವಾರಕ್ಕೆ ಮೂರು ದಿನ. ನಿಮಗೆ ಯಾವ ಸಮಯ ಅನುಕೂಲ?"

ಹೊಲಿಗೆಯಕ್ಕನ ಹಲ್ಲಿನ ನಡುವೆ ನಾಲ್ಕು ಗುಂಡುಪಿನ್ನುಗಳಿದ್ದವು. ಅವನ್ನು ಒಂದೊಂದಾಗಿ ತೆಗೆಯುವಷ್ಟರಲ್ಲಿ, ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತ ಮಾಡಿಕೊಳ್ಳಲು ಬಾಗಿಲಲ್ಲೇ ಕಾಯುತ್ತಿದ್ದ ಯಜಮಾನರು ಪಟ್ಟಿ ಹಿಡಿದು ಪರದೆಯೊಳಗೆ ನುಗ್ಗಿದರು.

"ಎರಡರಿಂದ ನಾಲ್ಕು, ಮೇಡಂ! ಅತ್ಯುತ್ತಮ! ಮೂರು ದಿನದ ದಾಖಲೆ ಇದೆ!"

"ನಮಗೂ ಅದೇ ಅನುಕೂಲ. ಸೋಮವಾರ, ಬುಧವಾರ, ಶುಕ್ರವಾರ. ಬರ್ಕೊಳ್ಲಾ ಟೀಚರ್?"

"ಮ್ಮ್! ಮ್ಮ್ಮ್!" ಎಂದಳು ಹೊಲಿಗೆಯಕ್ಕ. ಮೇಡಂ ಅದನ್ನು ಒಪ್ಪಿಗೆಯೆಂದು ಬರೆದುಕೊಂಡರು.

ಇಡೀ ದಿನದಲ್ಲಿ ಅವಳದ್ದೆಂದು ಇದ್ದ ಎರಡೇ ಎರಡು ಗಂಟೆ ಹಾಗೆ ಹೋಯಿತು. ಅವಳು ಪಿನ್ನುಗಳನ್ನು ಡಬ್ಬಿಗೆ ಹಾಕಿ, ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣ ತೆಗೆದುಕೊಂಡು, ಸೀದಾ ಫ್ರಿಜ್ಜಿನ ಹತ್ತಿರ ಹೋದಳು. ಪಟ್ಟಿಯ ಮೂರನೆಯ ಕಲಂಗೆ ದೊಡ್ಡದಾಗಿ ಸರಿ ಗುರುತು ಎಳೆದಳು. ಅದರ ಕೆಳಗೆ ಬರೆದಳು: 'ಹನ್ನೆರಡರಿಂದ ಒಂದು: ಮಿಕ್ಸಿ, ಗ್ರೈಂಡರು, ಯಜಮಾನರು. ಟೀಚರ್ ಮಲಗಿರುತ್ತಾರೆ.'

"ಮೀಟಿಂಗ್ ಇದ್ರೆ?" ಎಂದರು ಯಜಮಾನರು ಮೆಲ್ಲಗೆ.

"ಮಿಕ್ಸಿ ಹಾಕಿದ್ರೆ ನಿಮ್ಮ ನೆಟ್ ಬೀಳಲ್ವಲ್ಲ, ನೀವು ರೂಟರ್ ಪಕ್ಕದಲ್ಲೇ ಇದೀರಿ. ಶಾಸ್ತ್ರೀಯವಾಗಿ ನೋಡಿದ್ರೆ ಯಾವ ಅನನುಕೂಲವೂ ಇಲ್ಲ."

ಸೋಮವಾರ ಹನ್ನೆರಡಕ್ಕೆ ಹೊಲಿಗೆಯಕ್ಕ ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿ ಮಲಗಿದಳು. ಗೋಡೆಯ ಬುಡಗುಂಟ ವೈರು ಅಚ್ಚುಕಟ್ಟಾಗಿ ಕೂತಿತ್ತು. ಹೊಸ ಬಣ್ಣ ಎಲ್ಲಿಯೂ ಎದ್ದಿರಲಿಲ್ಲ. ಅಡುಗೆಮನೆಯಲ್ಲಿ ಮಿಕ್ಸಿ ಗರ್ರ್ ಎಂದಿತು, ನಿಂತಿತು.

"ಲೇ, ಇದರ ಮುಚ್ಚಳ ಒತ್ತಿ ಹಿಡ್ಕೋಬೇಕಾ?"

ಮತ್ತೆ ಗರ್ರ್. ಏನೋ ಗೋಡೆಗೆ ಎರಚಿದ ಸದ್ದು. "ಲೇ! ಬಣ್ಣ!... ಉಪ್ಪು ಎಲ್ಲಿದೆ? ಒರೆಸೋ ಬಟ್ಟೆ ಯಾವ್ದು?" ಹೆಜ್ಜೆಗಳು ಹಿಂದಿನ ಕೋಣೆಯ ಬಾಗಿಲಿಗೇ ಬಂದವು.

ಹೊಲಿಗೆಯಕ್ಕ ಎದ್ದೇಬಿಡುತ್ತಿದ್ದಳು. ಮೊಣಕೈ ನೆಲಕ್ಕೆ ಊರಿಯೂ ಆಗಿತ್ತು. ಅಷ್ಟರಲ್ಲಿ ಅವಳಿಗೆ ಆ ಹದಿನೇಳು ನಿಮಿಷ ನೆನಪಾಯಿತು. ಹಾಗೇ ಹಿಂದಕ್ಕೆ ಒರಗಿ, ಕಣ್ಣು ಅರ್ಧ ಮುಚ್ಚಿ, ಬಾಯಿ ಕೊಂಚ ತೆರೆದು, ಕೈಯನ್ನು ಗಾಳಿಯಲ್ಲಿ ಅರ್ಧಕ್ಕೇ ನಿಲ್ಲಿಸಿಬಿಟ್ಟಳು. ಉಸಿರೂ ಅಲುಗಲಿಲ್ಲ.

"ಅಮ್ಮಾ, ನೋಡಿಲ್ಲಿ, ಇವಳು ಎಷ್ಟು ಕರೆದ್ರೂ ಮಾತೇ ಆಡ್ತಿಲ್ಲ!"

ಅತ್ತೆ ಕೋಲೂರಿಕೊಂಡು ಬಂದು ಸೊಸೆಯನ್ನೊಮ್ಮೆ ನೋಡಿದರು, ಗೋಡೆಯ ಮೇಲೆ ಇಳಿಯುತ್ತಿದ್ದ ಟೊಮೆಟೊವನ್ನೊಮ್ಮೆ ನೋಡಿದರು. ಆಮೇಲೆ ಮಗನ ಕೈಗೆ ಒರೆಸುವ ಬಟ್ಟೆ ಕೊಟ್ಟು, ಕೋಣೆಯ ಬಾಗಿಲನ್ನು ಎಳೆದುಕೊಂಡರು.

"ಕರೀಬೇಡ್ವೋ. ಅವಳಿಗೆ ಸಿಗ್ನಲ್ ಇಲ್ಲ."