ಶನಿವಾರದ ಸ್ಕೂಟರು

ಕ್ಷಮೆ ಕೇಳಿ ಕೇಳಿಯೇ ಊರಿಡೀ ಜಗಳ ಕಟ್ಟಿಕೊಂಡ ಮನುಷ್ಯನನ್ನು ನೀವು ನೋಡಿದ್ದೀರಾ? ಇಲ್ಲವಾದರೆ ತಿಂಗಳ ಮೊದಲ ಭಾನುವಾರದ ಹಿಂದಿನ ದಿನ ಸೀತಾಂಗೋಳಿಗೆ ಬನ್ನಿ. ನನ್ನ ಹಳೆ ಪೀಠೋಪಕರಣದ ಅಂಗಡಿಯೆದುರು ನಿಂತರೆ ಸಾಕು. ತಲೆಗಿಂತ ದೊಡ್ಡ ಹೆಲ್ಮೆಟ್ ಹಾಕಿಕೊಂಡು, ಕಿಸೆಯಲ್ಲಿ ಒಂದು ಚೀಟಿ ಇಟ್ಟುಕೊಂಡು, ಸ್ಕೂಟರಿನಲ್ಲಿ ಅವರು ಬರುತ್ತಾರೆ. ಆ ಚೀಟಿಯಲ್ಲಿ ನಿಮ್ಮ ಹೆಸರಿಲ್ಲದಿದ್ದರೆ ನೀವು ಪುಣ್ಯವಂತರು!

ದೊಡ್ಡ ಕ್ರೈಸ್ತ ಸಭೆಯೊಂದರಿಂದ ಸಣ್ಣ ಸಭೆ ಒಡೆಯಿತು, ಅದರಿಂದ ಇನ್ನೂ ಸಣ್ಣದು. ಅದರಿಂದಲೂ ಹೊರಬಂದ ಹದಿನೇಳು ಜನರಿಗೆ ಇವರು ನಾಯಕರು. ಆದರೆ 'ನಾಯಕ' ಎಂದರೆ ಅವರಿಗೆ ಆಗದು, 'ಪಾಸ್ಟರೇ' ಎಂದರೆ ಇನ್ನೂ ಆಗದು. 'ಅಣ್ಣ' ಎನ್ನಬೇಕು. ಅವರಿಗಿಂತ ಹತ್ತು ವರ್ಷ ದೊಡ್ಡವರಾದ ಒಬ್ಬ ಅಜ್ಜಿ ಕೂಡ ಅಣ್ಣ ಎಂದೇ ಕರೆಯುತ್ತಾರೆ.

ಪೈವಳಿಕೆ ಕಡೆ ಅವರ ಮನೆಯ ಹಿಂದಿನ ಹಂಚಿನ ಕೋಣೆಯಲ್ಲಿ ಈ ಹದಿನೇಳು ಜನ ತಿಂಗಳ ಮೊದಲ ಭಾನುವಾರ ರೊಟ್ಟಿ ಮುರಿದು ಹಂಚಿಕೊಂಡು ಪ್ರಾರ್ಥಿಸುತ್ತಾರೆ. ಮುರಿಯುವ ಕೈ ಅಣ್ಣನದು. ನಿಯಮ ಒಂದೇ: ಯಾರ ಮೇಲಾದರೂ ಮನಸ್ಸಿನಲ್ಲಿ ಕಹಿಯಿದ್ದರೆ ರೊಟ್ಟಿ ಮುಟ್ಟಬಾರದು, ಮೊದಲು ಹೋಗಿ ಸರಿಮಾಡಿಕೊಳ್ಳಬೇಕು. ಉಳಿದವರು ಫೋನಿನಲ್ಲೇ ಮುಗಿಸುತ್ತಾರೆ. ಅಣ್ಣ ಮನೆಮನೆಗೆ ಹೋಗುತ್ತಾರೆ. ಅದೂ ಬಾಯಲ್ಲಿ ಬೈದದ್ದಕ್ಕಲ್ಲ, ಮನಸ್ಸಿನಲ್ಲಿ ಬೈದದ್ದಕ್ಕೆ!

ಒಮ್ಮೆ ಹೋಟೆಲಿಗೆ ನುಗ್ಗಿ, ಗಿರಾಕಿಗಳು ತುಂಬಿರುವಾಗಲೇ ಮಾಲೀಕನ ಕೈ ಹಿಡಿದರು. "ಬುಧವಾರ ನಿಮ್ಮ ಸಾಂಬಾರು ತಿಂದು ಇದು ಮನುಷ್ಯರಿಗೆ ಮಾಡಿದ್ದಾ ಅಂತ ಎಣಿಸಿದೆ. ಕ್ಷಮಿಸಬೇಕು."

"ಅದನ್ನು ಮನಸ್ಸಲ್ಲೇ ಇಟ್ಟುಕೊಳ್ಳಲಿಕ್ಕೆ ಎಂತ ಆಗಿತ್ತು ಮಾರಾಯ್ರೆ!" ಎಂದು ಮಾಲೀಕ ತಲೆ ಚಚ್ಚಿಕೊಂಡ. ಅಷ್ಟರಲ್ಲಿ ಮೂವರು ಕೈ ತೊಳೆಯಲು ಎದ್ದಾಗಿತ್ತು.

ಊರಿನ ಶಾಲೆಯ ಟೀಚರಮ್ಮನ ಮನೆಯಲ್ಲಿ ಇನ್ನೂ ಚೆನ್ನಾಯಿತು. "ನಿಮ್ಮ ಮಗಳು ಹಾಡುವಾಗ ಕರೆಂಟು ಹೋಗಲಿ ಅಂತ ಆಸೆಪಟ್ಟೆ" ಎಂದರಂತೆ. ಟೀಚರಮ್ಮ ಬಾಗಿಲು ಹಾಕಿಕೊಂಡರು. ಬಾಗಿಲು ಹಾಕಿದ್ದಕ್ಕೆ ಅಣ್ಣನಿಗೆ ಬೇಸರವಾಯಿತು. ಆ ಬೇಸರಕ್ಕೆ ಮುಂದಿನ ತಿಂಗಳು ಮತ್ತೆ ಕ್ಷಮೆ!

ಮುರುಕು ಕುರ್ಚಿಯೊಂದರಿಂದ ಅಂಗಡಿ ಕಟ್ಟಿದವನು ನಾನು, ಬುದ್ಧಿ ಹೇಳದೆ ಇರಲಾಗುತ್ತದೆಯೇ? "ಅಣ್ಣ, ವರ್ಷಕ್ಕೊಮ್ಮೆ ಊರಿಗೆಲ್ಲ ಒಟ್ಟಿಗೆ ಒಂದು ಕ್ಷಮೆ ಕೇಳಿಬಿಡಿ. ಹೋಲ್‌ಸೇಲ್. ಪೆಟ್ರೋಲಾದರೂ ಉಳೀತದೆ."

"ಬೈದದ್ದು ಚಿಲ್ಲರೆಯಲ್ಲಿ ಅಲ್ವಾ?" ಎಂದರು. ಚೌಕಾಶಿಯಲ್ಲಿ ನನ್ನನ್ನು ಸೋಲಿಸಿದ ಗಿರಾಕಿ ಅವರೊಬ್ಬರೇ.

ನಗಬೇಡಿ, ಇದರಿಂದ ಉಪಕಾರವೂ ಉಂಟು. ಅವರ ಓಣಿಯಲ್ಲಿ ಏನೇ ಜಗಳವಾದರೂ ಈಗ ಶುಕ್ರವಾರವೇ ರಾಜಿಯಾಗುತ್ತದೆ. ಇಲ್ಲದಿದ್ದರೆ ಶನಿವಾರ ಅಣ್ಣ ಬಂದು ಎರಡೂ ಕಡೆಯವರ ಬಗ್ಗೆ ತಾನು ಅಂದುಕೊಂಡದ್ದನ್ನು ಹೇಳಿಬಿಡುತ್ತಾರಲ್ಲ!

ಇನ್ನು ನನ್ನ ಕತೆ. ಚಾಪೆಯಲ್ಲಿ ಕೂತು ಸಭೆಯವರ ಮಂಡಿ ನೋಯತೊಡಗಿದಾಗ ಅಣ್ಣ ನನ್ನಲ್ಲಿಂದ ಎರಡು ಬೆಂಚು ಕೊಂಡರು. ನಿಮಗೊಂದು ಬುದ್ಧಿಮಾತು: ಹಳೆ ಬೆಂಚು ಕೊಳ್ಳುವಾಗ ಮಗುಚಿ ಅಡಿಭಾಗ ನೋಡಿ. ಮರ ಯಾವುದೆಂದು ಅಲ್ಲಿ ತಿಳಿಯುತ್ತದೆ, ಮೇಲಿರುವುದು ನಮ್ಮ ಪಾಲಿಶ್. ಅಣ್ಣ ಮಗುಚಲಿಲ್ಲ. "ಹಲಸು" ಎಂದೆ, ನಂಬಿದರು. ಅದು ರಬ್ಬರ್ ಮರ, ಅಗ್ಗದ್ದು, ಬೇಗ ಹುಳ ಹಿಡಿಯುವಂಥದ್ದು.

ವರ್ಷದೊಳಗೆ ಹುಳ ಹಿಡಿದು, ಪ್ರಾರ್ಥನೆಯ ನಡುವೆ ಬೆಂಚು ಮುರಿದು ನಾಲ್ವರು ಒಟ್ಟಿಗೆ ನೆಲಕ್ಕೆ ಬಿದ್ದರು. ಶನಿವಾರ ಸ್ಕೂಟರು ನನ್ನ ಅಂಗಡಿಯೆದುರು ನಿಂತಿತು. ಬೈಯಲು ಬಂದರೆಂದು ನಾನು ಬೀರುವಿನ ಹಿಂದೆ ಸರಿದೆ.

"ನೀವು ಮೋಸ ಮಾಡಿದಿರಿ ಅಂತ ಎಣಿಸಿಬಿಟ್ಟೆ" ಎಂದರು ಕೈ ಮುಗಿದು. "ಹಲಸು ಅಂತ ಬಾಯಿಬಿಟ್ಟು ಹೇಳಿದವರ ಮೇಲೆ ಸಂಶಯಪಟ್ಟೆ. ಕ್ಷಮಿಸಬೇಕು."

ನಾನೇನು ಮಾಡಿದೆ ಗೊತ್ತೇ? ಕ್ಷಮಿಸಿದೆ! "ಹಲಸಿಗೂ ಹುಳ ಹಿಡೀತದೆ ಅಣ್ಣ, ನಿಮ್ಮ ಗೋಡೆ ಥಂಡಿ" ಎಂದೆ. ಸಾಲದ್ದಕ್ಕೆ ಮನುಷ್ಯರನ್ನು ನಂಬಲು ಕಲಿಯಬೇಕೆಂದು ಉಪದೇಶವನ್ನೂ ಕೊಟ್ಟೆ.

ಮುಂದಿನ ತಿಂಗಳೂ ಬಂದರು. "ಪುನಃ ಅದೇ ಯೋಚನೆ ಬಂತು." ಅದರ ಮುಂದಿನ ತಿಂಗಳೂ. ಪ್ರತಿ ಸಲವೂ ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ.

ಆಮೇಲೆ ಒಂದು ಗುರುವಾರ ಸಭೆಯ ಆ ಅಜ್ಜಿ ಮಣೆಯೊಂದನ್ನು ಕೊಳ್ಳಲು ಬಂದರು. ಬೆಲೆ ಕೇಳುವ ಮೊದಲೇ ಕಣ್ಣೊರೆಸಿಕೊಂಡರು. "ಮೂರು ತಿಂಗಳಾಯ್ತು ಮಗಾ, ನಮಗೆ ರೊಟ್ಟಿ ಇಲ್ಲ. ಅಣ್ಣ ಕೈಯಲ್ಲಿ ಹಿಡೀತಾರೆ, ಆ ಬೆಂಚು ನೋಡ್ತಾರೆ, ಕೆಳಗಿಡ್ತಾರೆ. ಒಬ್ಬ ಒಳ್ಳೆಯ ಮನುಷ್ಯನ ಮೇಲೆ ಸಂಶಯ ಹೋಗುದಿಲ್ಲವಂತೆ. ನನ್ನಂಥವ ಸಭೆ ನಡೆಸಬಾರದು, ಈ ಭಾನುವಾರ ಬಿಡ್ತೇನೆ ಅಂತಾರೆ."

ಆ 'ಒಳ್ಳೆಯ ಮನುಷ್ಯ' ದುಡ್ಡು ತೆಗೆದುಕೊಳ್ಳದೆ ಮಣೆಯನ್ನು ಕಟ್ಟಿಕೊಟ್ಟ.

ಶನಿವಾರ ಬೆಳಿಗ್ಗೆ ಅಣ್ಣ ಹೊರಡುವ ಮೊದಲೇ ನಾನು ಅವರ ಅಂಗಳದಲ್ಲಿದ್ದೆ. ವಹಿವಾಟಿನಲ್ಲಿ ಎಂದೂ ತಡವರಿಸದ ನಾಲಿಗೆ ಅಂದು ತಡವರಿಸಿತು. "ಅಣ್ಣ, ಅದು ಹಲಸಲ್ಲ. ರಬ್ಬರ್. ನನಗೆ ಗೊತ್ತಿತ್ತು."

ಅವರು ಹೆಲ್ಮೆಟ್ ತೆಗೆದರು. "ಹಾಗಾದ್ರೆ ನಾನು ಎಣಿಸಿದ್ದು ಸರಿ!" ಮುಖ ಮಗುವಿನಂತೆ ಅರಳಿತು. ಮರುಕ್ಷಣವೇ ಬಾಡಿತು. "ಛೆ, ನಿಮ್ಮ ತಪ್ಪು ಕೇಳಿ ಖುಷಿಪಟ್ಟೆನಲ್ಲ! ಕ್ಷಮಿಸಬೇಕು."

"ಮೊದಲು ನನ್ನದು ಆಗಲಿ ಮಾರಾಯ್ರೆ!" ಎಂದೆ. ಇಬ್ಬರೂ ನಕ್ಕೆವು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ, ಸರಿಯಾಗಿ ಹೇಳಲಾರೆ.

ಭಾನುವಾರ ಎರಡು ಬೆಂಚು ಆಟೋದಲ್ಲಿ ಹೋದವು. ಹಲಸಿನವೇ, ಮಗುಚಿ ತೋರಿಸಿಯೇ ಇಳಿಸಿದೆ. ಬಾಗಿಲಲ್ಲಿ ನಿಂತು ನೋಡಿದೆ: ಅಣ್ಣ ರೊಟ್ಟಿ ಕೈಯಲ್ಲಿ ಹಿಡಿದರು, ಬೆಂಚು ನೋಡಿದರು, ಮುರಿದರು. ಮೊದಲ ತುಂಡು ಅಜ್ಜಿಗೆ ಹೋಯಿತು.

ಕಳೆದ ಶನಿವಾರ ಅಭ್ಯಾಸಬಲದಿಂದ ಎರಡು ಚಾ ತರಿಸಿಟ್ಟು ಕಾದೆ. ಸ್ಕೂಟರು ಬಂತು. ನಿಲ್ಲಲಿಲ್ಲ. ಅಣ್ಣ ಕೈಬೀಸಿ, ನಗುತ್ತಾ, ಹಾಗೆಯೇ ಮುಂದೆ ಹೋದರು. ಇಡೀ ತಿಂಗಳು ನನ್ನ ಬಗ್ಗೆ ಅವರ ಮನಸ್ಸಿನಲ್ಲಿ ಒಂದೂ ಕೆಟ್ಟ ಮಾತು ಹುಟ್ಟಿರಲಿಲ್ಲ!

ಒಳಗೆ ಗಿರಾಕಿ ಕೂಗುತ್ತಿದ್ದ. ಸ್ಕೂಟರು ತಿರುವಿನಲ್ಲಿ ಮರೆಯಾಗುವವರೆಗೆ ನಾನು ಒಳಗೆ ಹೋಗಲಿಲ್ಲ.