ಹೆಬ್ಬೆರಳಿಗೊಂದು ಹೆಸರು

ಯಾವ ಕಾಯಿಲೆಯೇ ಆಗಲಿ, ಡಾಕ್ಟರು ಅದಕ್ಕೊಂದು ಹೆಸರು ಹೇಳಿಬಿಟ್ಟರೆ ಅರ್ಧ ವಾಸಿಯಾದ ಹಾಗೆ. ಬೆನ್ನುನೋವೆಂದು ನರಳುತ್ತಿದ್ದ ನಮ್ಮ ಯಜಮಾನರು, ತಮ್ಮ ನೋವಿಗೆ ನಾಲಗೆ ತಿರುಗದಂಥ ಹೆಸರಿದೆ ಎಂದು ತಿಳಿದ ದಿನದಿಂದ ನರಳುವುದನ್ನೇ ಬಿಟ್ಟಿದ್ದಾರೆ. ಆದ್ದರಿಂದ ಮೊಬೈಲಿಗೆ ಬರುವ ಮೆಸೇಜುಗಳ ಕಿರಿಕಿರಿಗೆ ನಾನು ಹೆಸರಿಡತೊಡಗಿದ್ದು ಶುದ್ಧ ಚಿಕಿತ್ಸೆಯ ದೃಷ್ಟಿಯಿಂದ, ತಮಾಷೆಗಲ್ಲ. ಮೇಲಾಗಿ ನಾನು ಶಿವಮೊಗ್ಗದ ಕಾಲೇಜೊಂದರ ಆಫೀಸಿನಲ್ಲಿ ಸೂಪರಿಂಟೆಂಡೆಂಟು. ಬಂದ ಕಾಗದಕ್ಕೆಲ್ಲ ಒಂದು ತಲೆಬರಹ ಕೊಟ್ಟು ಫೈಲಿಗೆ ಸೇರಿಸುವುದೇ ನನ್ನ ಹೊಟ್ಟೆಪಾಡು.

ಬೆಳಗಾದರೆ ಸಾಕು, ಒಂದು ಗುಲಾಬಿ, ಗುಲಾಬಿಯ ಮೇಲೆ ಇಬ್ಬನಿ, ಪಕ್ಕದಲ್ಲೊಂದು ಕಾಫಿ ಕಪ್ಪು ಬಂದು ಬೀಳುತ್ತವಲ್ಲ, ಅದು 'ಹೂಹಾವಳಿ'. ನಮ್ಮ ಆಫೀಸಿನ ಜಯಣ್ಣ ಒಂದು ವಾಕ್ಯವನ್ನು ಇಡಿಯಾಗಿ ಕಳಿಸಿದ್ದೇ ಇಲ್ಲ. 'ಮೇಡಂ' ಎಂದು ಒಂದು ಸಲ ಫೋನು ಠಣ್ಣೆನ್ನುತ್ತದೆ. ಆಮೇಲೆ 'ನಾಳೆ'. ಆಮೇಲೆ 'ನಂಗೆ'. 'ರಜ' ಬರುವ ಹೊತ್ತಿಗೆ ನಾಳೆಯೇ ಬಂದಿರುತ್ತದೆ. ಇದು 'ಚೂರೋಲೆ'. ಕಳಿಸಿದ್ದನ್ನು ನಾವು ಓದುವ ಮೊದಲೇ ಅಳಿಸಿ, ಅಳಿಸಿದ ಗುರುತನ್ನು ಮಾತ್ರ ಬಿಟ್ಟುಹೋಗುವುದು 'ಉಗುಳ್ನುಂಗು'. ನನ್ನ ಓರಗಿತ್ತಿ ಒಮ್ಮೆ ಹೀಗೆ ಮಾಡಿದಾಗ, ಏನು ಬರೆದಿದ್ದಳೋ ಎಂದು ನಾನು ಯುಗಾದಿಯಿಂದ ಗಣೇಶನ ಹಬ್ಬದವರೆಗೆ ತಲೆ ಕೆಡಿಸಿಕೊಂಡಿದ್ದೆ. ಇನ್ನು ಕೆಲವರು ಬರೆಯುತ್ತಿದ್ದಾರೆ, ಬರೆಯುತ್ತಲೇ ಇದ್ದಾರೆ ಎಂದು ಫೋನು ತೋರಿಸುತ್ತಿರುತ್ತದೆ. ಒಲೆಯ ಮೇಲಿನ ಹಾಲನ್ನೂ ಮರೆತು ನಾವು ಕಾದು ಕೂತರೆ, ಕೊನೆಗೆ 'ಹೂಂ' ಎಂದಷ್ಟೇ ಹೊರಗೆ ಬರುತ್ತದೆ. ಅದು 'ಹೂಂಪ್ರಸವ'. ಇದರಲ್ಲಿ ನಮ್ಮ ಯಜಮಾನರನ್ನು ಮೀರಿಸುವವರಿಲ್ಲ. ಅವರು ಎದುರಿಗೆ ಕೂತಾಗಲೂ ಅಷ್ಟೇ ಮಾತಾಡುವುದು.

ಭದ್ರಾವತಿಯಲ್ಲಿರುವ ನನ್ನ ಅಕ್ಕ ಬರೆಯುವವಳೇ ಅಲ್ಲ. ಅಡುಗೆ ಮಾಡುತ್ತಾ ಫೋನಿಗೆ ಮಾತಾಡಿ, ಮಾತಾಡಿದ್ದನ್ನೇ ಕಳಿಸುತ್ತಾಳೆ. ಶುರುವಿಗೆ ಕುಕ್ಕರಿನ ಕೂಗು, ಆಮೇಲೆ ಬಾಗಿಲಿಗೆ ಬಂದ ಸೊಪ್ಪಿನವಳ ಜೊತೆ ತಮಿಳಿನಲ್ಲಿ ಚೌಕಾಸಿ, ಮತ್ತೊಂದು ಕೂಗು, ಯಾರದೋ ಮಂಡಿನೋವು, ಎಲ್ಲಕ್ಕಿಂತ ಕೊನೆಗೆ ವಿಷಯ. ಇದಕ್ಕೆ ನಾನಿಟ್ಟ ಹೆಸರು 'ಕುಕ್ಕರ್‌ವಾಣಿ'. ಹೆಸರಿಟ್ಟ ಮೇಲೆ ಅದನ್ನು ಕೇಳುವ ಅಗತ್ಯ ಅಷ್ಟಾಗಿ ಕಾಣಲಿಲ್ಲ. ಫೈಲಿಗೆ ಸೇರಿದ ಕಾಗದವನ್ನು ಯಾರು ಓದುತ್ತಾರೆ? ಸ್ವಲ್ಪ ಕೇಳಿ, ಹೆಬ್ಬೆರಳಿನ ಚಿತ್ರವೊಂದನ್ನು ಕಳಿಸಿ ನನ್ನ ಕೆಲಸ ನೋಡಿಕೊಳ್ಳುತ್ತಿದ್ದೆ. ಆ ಹೆಬ್ಬೆರಳಿಗೆ ಮಾತ್ರ ನಾನು ಹೆಸರಿಟ್ಟಿರಲಿಲ್ಲ. ಅದು ಕಿರಿಕಿರಿಯಲ್ಲವಲ್ಲ, ಅನುಕೂಲ.

ಒಂದು ಭಾನುವಾರ ಮಧ್ಯಾಹ್ನ ತಲೆತುಂಬ ಮೆಹಂದಿ ಮೆತ್ತಿಕೊಂಡು, ಹಳೇ ನೈಟಿಯಲ್ಲಿ, ರಾತ್ರಿಯ ಅನ್ನಕ್ಕೆ ಒಗ್ಗರಣೆ ಹಾಕೋಣವೇ ಬೇಡವೇ ಎಂದು ಯೋಚಿಸುತ್ತಿದ್ದೆ. ಬಾಗಿಲ ಬೆಲ್ ಬಡಿಯಿತು. ಬಾಗಿಲು ತೆಗೆದರೆ ಅಕ್ಕ. ಅಕ್ಕನ ಹಿಂದೆ ಅವಳ ಭಜನಾ ಮಂಡಳಿ, ಅಷ್ಟೂ ಜನ, ರೇಷ್ಮೆ ಸೀರೆಯಲ್ಲಿ. ನಮ್ಮೂರ ಕೋಟೆಯ ಗುಡಿಯಲ್ಲಿ ದೇವರ ದರ್ಶನ ಮುಗಿಸಿ ನೇರ ನವುಲೆಯ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು.

"ಬನ್ರೇ ಎಲ್ಲ, ಇವಳೇ ನನ್ನ ತಂಗಿ. ಮಜ್ಜಿಗೆಹುಳಿ ಅಂದ್ರೆ ಇವಳ ಕೈಯದ್ದೇ ಅಂತಿದ್ನಲ್ಲ..." ಎನ್ನುತ್ತಿದ್ದವಳು ನನ್ನ ತಲೆ ನೋಡಿದಳು. ತಂಗಿಯ ಉಪಚಾರದ ಬಗ್ಗೆ ಅವಳು ಮಂಡಳಿಯಲ್ಲಿ ಎಷ್ಟು ಕೊಚ್ಚಿಕೊಂಡಿದ್ದಳೋ ಏನೋ, ಆ ಮರ್ಯಾದೆಯೆಲ್ಲ ಈಗ ನನ್ನ ತಲೆಯ ಮೇಲೆ ಮೆಹಂದಿಯ ಜೊತೆ ಕೂತಿತ್ತು. ಅಕ್ಕನ ಸಪ್ಪೆ ಮುಖ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ಅವಳು ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. "ಕಳಿಸಿದ್ನಲ್ಲೇ ಮಾರಾಯ್ತಿ! ಅದಕ್ಕೆ ಹೆಬ್ಬೆಟ್ಟು ಬೇರೆ ಒತ್ತಿದ್ದೆ! ಕೇಳಿದ್ಯೋ ಇಲ್ವೋ?"

"ಮೊದಲನೇ ವಿಷಲ್ ತನಕ ಕೇಳಿದೆ ಕಣಕ್ಕ."

ಅಕ್ಕ ನನ್ನ ಅಕ್ಕಿ ಡಬ್ಬದ ಮುಚ್ಚಳ ತೆಗೆದು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

ನಾನು ತಲೆಗೆ ಟವೆಲ್ ಸುತ್ತಿಕೊಂಡು ಹೊರಗೆ ಬಂದು, "ಎಲ್ಲರೂ ಸೇರಿ ಅಡುಗೆ ಮಾಡಿದ್ರೆ ಚೆಂದ ಅಂತ ನಿಮ್ಮನ್ನೇ ಕಾಯ್ತಿದ್ದೆ" ಎಂದು ಘೋಷಿಸಿದೆ. ಯಾರೂ ನಂಬಲಿಲ್ಲ, ಆದರೆ ಎಲ್ಲರಿಗೂ ಹಸಿವಾಗಿತ್ತು. ಸೆರಗು ಸಿಕ್ಕಿಸಿ ಒಳಗೆ ನುಗ್ಗಿದರು. ಯಜಮಾನರು ಮೊಸರು ತರಲು ಓಡಿದರು. ಚಿತ್ರಾನ್ನ ಎಲೆಗೆ ಬಿದ್ದ ಮೇಲೆ ಅಕ್ಕನ ಮುಖಕ್ಕೂ ಸ್ವಲ್ಪ ಕಳೆ ಬಂತು.

ಅಷ್ಟಕ್ಕೇ ಮುಗಿಯಬಹುದಿತ್ತು. ಮಂಡಳಿಯ ಹಿರಿಯರೊಬ್ಬರು, "ನೀವು ಮೆಸೇಜಿಗೆಲ್ಲ ಹೆಸರಿಡ್ತೀರಂತೆ, ನಿಮ್ಮಕ್ಕ ಹೇಳ್ತಿದ್ರು" ಎಂದರು. ಹೊಗಳಿಕೆ ಕೇಳಿದರೆ ನನಗೆ ಬಾಯಿ ನಿಲ್ಲುವುದಿಲ್ಲ. ಹೂಹಾವಳಿಯಿಂದ ಹಿಡಿದು ಒಂದೊಂದೇ ಹೇಳುತ್ತಾ ಹೋದೆ. ನಕ್ಕಿದ್ದೇ ನಕ್ಕಿದ್ದು.

"ಮತ್ತೆ ಈ ಮಾತಾಡಿ ಕಳಿಸ್ತಾರಲ್ಲ, ಅದಕ್ಕೇನಂತೀರಿ?"

ನಾನು ಬಾಯಿಗೆ ದೊಡ್ಡ ತುತ್ತು ತುರುಕಿಕೊಂಡು, ಇನ್ನೂ ಇಟ್ಟಿಲ್ಲವೆಂದು ತಲೆಯಾಡಿಸಿದೆ. ಜೀವಮಾನವೆಲ್ಲ 'ಹೂಂ' ಎಂದೇ ಕಳೆದ ನಮ್ಮ ಯಜಮಾನರು ಮೊಸರಿನ ಪಾತ್ರೆ ಹಿಡಿದು ಬಂದವರು ಆಗಲೇ ಬಾಯಿ ಬಿಡಬೇಕೆ! "ಕುಕ್ಕರ್‌ವಾಣಿ" ಎಂದರು, ಸ್ಪಷ್ಟವಾಗಿ.

ಇಡೀ ಮಂಡಳಿ ಅಕ್ಕನ ಕಡೆ ತಿರುಗಿತು. "ಅಯ್ಯೋ, ನಮಗೂ ಬರುತ್ತೆ ಕಣ್ರೀ!" ಎಂದು ಒಬ್ಬರು ನಗುತ್ತಾ ಕಣ್ಣೊರೆಸಿಕೊಂಡರು. ಅಕ್ಕ ಶಾಂತವಾಗಿ ನನ್ನ ಎಲೆಗೆ ಇನ್ನೊಂದು ಸೌಟು ಚಿತ್ರಾನ್ನ ಬಡಿಸಿದಳು.

"ಚೆನ್ನಾಗಿದೆ. ಕೇಳದೇನೇ ಹೆಬ್ಬೆಟ್ಟು ಒತ್ತೋರಿಗೆ ಏನು ಹೆಸರಿಟ್ಟಿದ್ದೀ?"

"ಅದಕ್ಕಿಲ್ಲ."

"ನಾನಿಟ್ಟಿದ್ದೀನಿ. ಹೆಬ್ಬೆಟ್ಟಮ್ಮ."

ನನ್ನ ಯಾವ ಹೆಸರಿಗೂ ಅಷ್ಟು ಜೋರು ನಗು ಬಂದಿರಲಿಲ್ಲ. ಈಗ ಭದ್ರಾವತಿಯಲ್ಲಿ ನನ್ನನ್ನು ಬೇರೆ ಹೆಸರಿನಿಂದ ಯಾರೂ ಕರೆಯುವುದಿಲ್ಲ.

ಮೊನ್ನೆ ಬೆಳಗ್ಗೆ ಹಾಲು ಕಾಯಿಸುತ್ತಿದ್ದಾಗ ಅಕ್ಕನ ಕುಕ್ಕರ್‌ವಾಣಿ ಬಂತು. ಇನ್ನು ಮೇಲೆ ಕೊನೆಯ ತನಕ ಕೇಳುತ್ತೇನೆಂದು ನನಗೆ ನಾನೇ ಮಾತು ಕೊಟ್ಟಿದ್ದೆ; ಕೇಳಿದೆ ಕೂಡ. ಮೊದಲ ಕೂಗಿಗೇ ಬೆರಳು ಹಳೇ ಚಾಳಿಯಂತೆ ಹೆಬ್ಬೆಟ್ಟು ಒತ್ತಿತ್ತು, ಅದು ಬೇರೆ ಮಾತು. ಕೂಗು, ಸೊಪ್ಪು, ಕೂಗು, ಮಂಡಿ ಎಲ್ಲ ಮುಗಿದ ಮೇಲೆ ಅಕ್ಕನ ದನಿ ಸ್ವಲ್ಪ ತಗ್ಗಿತು. "ಇಲ್ಲಿ ತನಕ ಕೇಳಿಸ್ಕೊಂಡಿದ್ರೆ ಹೆಬ್ಬೆಟ್ಟು ಒತ್ತಬೇಡ ಕಣೇ. ಒಂದು ಫೋನ್ ಮಾಡು. ನಿನ್ನ ದನಿ ಕೇಳಿ ಎಷ್ಟು ದಿನ ಆಯ್ತು."

ಗಡಿಬಿಡಿಯಲ್ಲಿ ಆ ಹೆಬ್ಬೆರಳನ್ನು ಅಳಿಸಿಹಾಕಿದೆ. ಅಳಿಸಿದ ಗುರುತು ಮಾತ್ರ ಅಲ್ಲೇ ಉಳಿಯಿತು. ಇನ್ನೇನು ಫೋನ್ ಮಾಡಬೇಕು ಅನ್ನುವಷ್ಟರಲ್ಲಿ, ಎಂದೂ ಬರೆಯದ ಅಕ್ಕ ಬರೆಯುತ್ತಿದ್ದಾಳೆಂದು ಫೋನು ತೋರಿಸಿತು. ಬರೆಯುತ್ತಿದ್ದಾಳೆ, ಬರೆಯುತ್ತಲೇ ಇದ್ದಾಳೆ. ಹಿಂದೆ ಹಾಲು ಉಕ್ಕಿ ಒಲೆ ಆರಿದ ಸದ್ದು ಕೇಳಿಸಿತು. ನಾನು ಕದಲಲಿಲ್ಲ.

ಕೊನೆಗೆ ಬಂತು: 'ಹೂಂ'.